ಇದ್ದೂ ಇಲ್ಲ ಎಂದ ಡ್ರೈವು

ಹೋದ ತಿಂಗಳು ಒಂದು ಮಂಗಳವಾರ ಸಂಜೆ ನಮ್ಮ ಮನೆಯ ಕಂಪ್ಯೂಟರು ನನ್ನ ಮುಖಕ್ಕೇ ಒಂದು ಸುಳ್ಳು ಹೇಳಿತು. ನನ್ನ ಕೈಯಾರೆ ತಟ್ಟೆಯಲ್ಲಿ ಸಿ.ಡಿ. ಇಟ್ಟಿದ್ದೆ. ತಟ್ಟೆ ಒಳಗೆ ಸರಿದದ್ದನ್ನು ಕನ್ನಡಕ ಹಾಕಿಕೊಂಡೇ ನೋಡಿದ್ದೆ. ಒಂದಿಷ್ಟು ಹೊತ್ತು ಗುರ್ ಗುರ್ ಅಂದ ಯಂತ್ರ ಕೊನೆಗೆ ಹೇಳಿದ್ದು: ಡಿಸ್ಕ್ ಇಲ್ಲ.

ಮಕ್ಕಳೇ, ನಿಮ್ಮಲ್ಲಿ ಬಹಳಷ್ಟು ಜನ ಸಿ.ಡಿ. ಹಾಕುವ ತಟ್ಟೆಯನ್ನೇ ನೋಡಿರಲಿಕ್ಕಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದು ಇರುವುದೇ ಇಲ್ಲ. ಆದರೆ ನಿಮ್ಮ ಮನೆಯ ಕಪಾಟಿನಲ್ಲಿ, ಮದುವೆ ಆಲ್ಬಮ್ಮಿನ ಹಿಂದೆಯೋ ಆಸ್ಪತ್ರೆಯ ಫೈಲಿನ ಒಳಗೋ ಹೊಳೆಯುವ ತಟ್ಟೆಗಳು ಒಂದೆರಡಾದರೂ ಇದ್ದೇ ಇರುತ್ತವೆ. ನಮ್ಮ ಮನೆಯಲ್ಲಿದ್ದದ್ದು ಎರಡನೆಯ ಜಾತಿಯದು.

2015ರಲ್ಲಿ ನನ್ನ ಹೆಂಡತಿಗೆ ಹೈದರಾಬಾದಿನಲ್ಲಿ ಆಂಜಿಯೋಗ್ರಾಮ್ ಮಾಡಿ ಒಂದು ಸ್ಟೆಂಟ್ ಹಾಕಿದ್ದರು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒಂದು ಔಷಧಿ ಹರಿಸಿ, ಅದು ಎಲ್ಲೆಲ್ಲಿ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಎಕ್ಸ್‌ರೇಯಲ್ಲಿ ಚಲಿಸುವ ಚಿತ್ರ ತೆಗೆಯುವುದೇ ಆಂಜಿಯೋಗ್ರಾಮ್. ಆ ಚಿತ್ರಗಳನ್ನು ಒಂದು ಸಿ.ಡಿ.ಯಲ್ಲಿ ಹಾಕಿಕೊಡುತ್ತಾರೆ. ಕೊಟ್ಟಿದ್ದರು. ನಾನು ಬ್ಯಾಂಕಿನವನು; ಕೊಟ್ಟ ಕಾಗದ, ಸಿ.ಡಿ., ರಸೀದಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದೆ.

ಈಗ ಮತ್ತೆ ಆಕೆಗೆ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ. ಕಲಬುರಗಿಯ ಡಾಕ್ಟರು ಫೋನಿನಲ್ಲಿ ಹೇಳಿದರು: ನಾಳೆ ಬರುವಾಗ ಹಳೆಯ ಆಂಜಿಯೋಗ್ರಾಮ್ ತನ್ನಿ, ಹೋಲಿಸಿ ನೋಡಬಹುದು, ನನ್ನ ಕೊಠಡಿಯ ಕಂಪ್ಯೂಟರಿನಲ್ಲಿ ಸಿ.ಡಿ. ಡ್ರೈವ್ ಇಲ್ಲ, ಪೆನ್ ಡ್ರೈವಿಗೆ ಹಾಕಿಸಿಕೊಂಡು ಬನ್ನಿ. ಹಳೆಯದು ಇಲ್ಲದಿದ್ದರೆ ಹೊಸದಾಗಿ ಮಾಡಬೇಕಾದೀತು. ಆ ಔಷಧಿ ಕಿಡ್ನಿಗೆ ಹೊರೆ, ಈಕೆಯ ಕ್ರಿಯಾಟಿನಿನ್ ಮೊದಲೇ ತುಸು ಮೇಲಿದೆ. ಹೀಗಾಗಿ ಆ ಸಂಜೆ ಆ ಒಂದು ಸಿ.ಡಿ. ನಮ್ಮ ಮನೆಯಲ್ಲಿದ್ದ ಬಂಗಾರಕ್ಕಿಂತ ತೂಕದ್ದಾಗಿತ್ತು. ರೈಲು ಬೆಳಿಗ್ಗೆ.

ನಮ್ಮಲ್ಲಿರುವ ಕಂಪ್ಯೂಟರ್ ಯಾದಗಿರಿ ಜಿಲ್ಲೆಯಷ್ಟೇ ಹಳೆಯದು. 2009ರ ಕೊನೆಯಲ್ಲಿ ನಮ್ಮ ಊರು ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತಲ್ಲ, ಅದೇ ಚಳಿಗಾಲದಲ್ಲಿ ಮಗ ತಂದುಕೊಟ್ಟದ್ದು. ಕುಂಟುತ್ತಿದ್ದ ಅದಕ್ಕೆ ಮೊಮ್ಮಗಳು ಉಬುಂಟು ಹಾಕಿ ಮತ್ತೆ ನಡೆಯುವಂತೆ ಮಾಡಿದ್ದಾಳೆ. ಆಕೆ ಬಿ.ಸಿ.ಎ. ಎರಡನೇ ವರ್ಷ, ರಜೆಗೆ ಬಂದಿದ್ದಳು. ಅವಳ ತಮ್ಮ ಐದನೇ ಇಯತ್ತೆ. ಅವನಿಗೆ ಆ ತಟ್ಟೆ ಹೊರಗೆ ಬರುವುದು, ಒಳಗೆ ಹೋಗುವುದೇ ಒಂದು ಜಾತ್ರೆ.

"ಮುತ್ಯಾ, ಒಳಗ ಏನೂ ಇಲ್ಲಂತ ಹೇಳಕತ್ತದ ನೋಡು."

"ಇಲ್ಲಂದ್ರ ಹ್ಯಾಂಗವ್ವ? ನಾನೇ ಇಟ್ಟೀನಿ."

"ನೀ ಇಟ್ಟಿದ್ದು ನನಗ ಗೊತ್ತದ. ಅದಕ್ಕ ಗೊತ್ತಿಲ್ಲ," ಎಂದಳು.

ಅದಕ್ಕೆ ಹೇಗೆ ಗೊತ್ತಾಗಬೇಕು? ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ತಟ್ಟೆಯ ಕೆಳಗೆ ಒಂದು ಗುಂಡಿಯೋ ತಕ್ಕಡಿಯೋ ಇರಬೇಕು, ಡಿಸ್ಕಿನ ಭಾರ ಬಿದ್ದರೆ ತಿಳಿಯುತ್ತದೆ ಎಂದುಕೊಂಡಿದ್ದೆ. ಹಾಗೇನೂ ಇಲ್ಲವಂತೆ. ಇರುವುದು ತಟ್ಟೆಯ ದಾರಿಯಲ್ಲಿ ಚಿಕ್ಕ ಸ್ವಿಚ್ಚು ಮಾತ್ರ; ತಟ್ಟೆ ಪೂರ್ತಿ ಒಳಗೆ ಬಂತೇ, ಹೊರಗಿದೆಯೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಮೇಲೆ ಡಿಸ್ಕ್ ಇದೆಯೋ ಇಲ್ಲವೋ ತಟ್ಟೆಗೆ ಗೊತ್ತಿಲ್ಲ. ಅದನ್ನು ತಿಳಿಯಲು ಡ್ರೈವಿಗೆ ಇರುವ ದಾರಿ ಒಂದೇ, ಅದರ ಕಣ್ಣು.

ತಟ್ಟೆ ಮುಚ್ಚಿದ ಕೂಡಲೇ ಕೆಳಗಿನಿಂದ ಒಂದು ಲೇಸರ್ ಬೆಳಕು ಹೊಮ್ಮುತ್ತದೆ. ಅದರ ಮುಂದಿನ ಪುಟ್ಟ ಮಸೂರ ಮೇಲೆ ಕೆಳಗೆ ಸರಿಯುತ್ತಾ, ಬೆಳಕು ಎಲ್ಲಾದರೂ ತಾಕಿ ಹೊಳೆದು ವಾಪಸು ಬರುತ್ತದೆಯೇ ಎಂದು ಹುಡುಕುತ್ತದೆ. ನಾವು ಪೇಪರನ್ನು ಕಣ್ಣಿನ ಹತ್ತಿರ ದೂರ ಮಾಡಿ ಅಕ್ಷರ ಸರಿಹೊಂದಿಸಿಕೊಳ್ಳುವುದಿಲ್ಲವೇ, ಹಾಗೆ. ಪ್ರತಿಫಲನ ಸಿಕ್ಕಿತೋ, ಡಿಸ್ಕ್ ಇದೆ ಎಂದು ತಿಳಿದು, ತಿರುಗಿಸಿ, ಒಳಅಂಚಿನಲ್ಲಿ ಬರೆದಿರುವ ಪರಿವಿಡಿ ಓದುತ್ತದೆ. ಸಿ.ಡಿ.ಯನ್ನು ಒಳಗಿನಿಂದ ಹೊರಕ್ಕೆ ಓದಬೇಕು. ಅದರ ಸುರುಳಿಗೆರೆಯನ್ನು ಬಿಚ್ಚಿ ಚಾಚಿದರೆ ಐದು ಕಿಲೋಮೀಟರಿಗೂ ಮೀರುತ್ತದೆ. ನಾಲ್ಕಾರು ಸಲ ಹುಡುಕಿಯೂ ಹೊಳಪು ಸಿಗಲಿಲ್ಲವೋ, ಡ್ರೈವು ಕೈಚೆಲ್ಲಿ "ಡಿಸ್ಕ್ ಇಲ್ಲ" ಎನ್ನುತ್ತದೆ.

ಅಂದರೆ ಆ ಮಾತಿನ ನಿಜವಾದ ಅರ್ಥ "ನನಗೆ ಕಾಣಿಸಲಿಲ್ಲ". ಈ ಎರಡು ಮಾತಿಗೆ ಇರುವ ಅಂತರ ನನಗೆ ಹೊಸದಲ್ಲ. ಗಿರಾಕಿಗೆ "ನಿಮ್ಮ ಖಾತೆಯಲ್ಲಿ ಶಿಲ್ಕು ಇಲ್ಲ" ಎನ್ನುವುದು ಬೇರೆ, "ನಿಮ್ಮ ಲೆಡ್ಜರ್ ಸಿಗುತ್ತಿಲ್ಲ" ಎನ್ನುವುದು ಬೇರೆ. ಎರಡನೆಯದಕ್ಕೆ ಬದಲು ಮೊದಲನೆಯದನ್ನು ಹೇಳಿದರೆ ಕೌಂಟರಿನ ಜಾಲರಿ ಕಿತ್ತುಬರುತ್ತದೆ.

ತಮ್ಮ ಇದನ್ನು ಪರೀಕ್ಷಿಸಿಯೇ ತೀರಬೇಕೆಂದ. ಒಂದು ಸಿನಿಮಾದ ಡಿ.ವಿ.ಡಿ.ಯನ್ನು ಮಗುಚಿ, ಚಿತ್ರವಿರುವ ಮುಖ ಕೆಳಗೆ ಮಾಡಿ ಹಾಕಿದ. ಡಿಸ್ಕ್ ಇಲ್ಲ! ಇಡೀ ಡಿಸ್ಕು ಒಳಗೆ ಕುಳಿತಿದೆ, ಆದರೂ ಇಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಡ್ರೈವ್ ಇದ್ದರೆ ನೀವೂ ಮಾಡಿ ನೋಡಬಹುದು, ಏನೂ ಕೆಡುವುದಿಲ್ಲ. ಬೇಡದ ಡಿಸ್ಕನ್ನೇ ತೆಗೆದುಕೊಳ್ಳಿ. ಡ್ರೈವನ್ನು ಬಿಚ್ಚಿ ಒಳಗೆ ಇಣುಕುವ ಕೆಲಸ ಮಾತ್ರ ಬೇಡ. ಆ ಲೇಸರು ಕಣ್ಣಿಗೆ ಒಳ್ಳೆಯದಲ್ಲ, ಸಿ.ಡಿ.ಯದಂತೂ ಬೆಳಗಿದರೂ ಸರಿಯಾಗಿ ಕಾಣುವುದೇ ಇಲ್ಲ.

ಮೊಮ್ಮಗಳು ಅಷ್ಟರಲ್ಲಿ ಹನ್ನೆರಡು ಸಾಲಿನ ಒಂದು ಪೈಥಾನ್ ಪ್ರೋಗ್ರಾಂ ಬರೆದಿದ್ದಳು. ಪರದೆಯ ಮೇಲೆ ಬರುವ ಒಂದು ಸಾಲಿನ ಸಂದೇಶ ನಂಬಿ ಕೂರುವುದಕ್ಕಿಂತ, ಡ್ರೈವನ್ನೇ ನೇರವಾಗಿ ಕೇಳೋಣ ಎಂಬುದು ಅವಳ ವಿಚಾರ. ಡ್ರೈವು ತಾನಾಗಿ ಕೂಗಿ ಹೇಳುವ ಪ್ರಾಣಿಯಲ್ಲ, ಕೇಳಿದರೆ ಹೇಳುತ್ತದೆ. ಅದಕ್ಕೇ ಕಂಪ್ಯೂಟರುಗಳು ನಮಗೆ ಗೊತ್ತಾಗದಂತೆ ಕೆಲವು ಸೆಕೆಂಡಿಗೊಮ್ಮೆ ಕೇಳುತ್ತಲೇ ಇರುತ್ತವಂತೆ. "ನೀನು ಸಿದ್ಧವೇ?" ಎಂಬುದು ಅತಿ ಸರಳ ಪ್ರಶ್ನೆ. 12 ಬೈಟಿನ ಆ ಪ್ರಶ್ನೆಯಲ್ಲಿ ಇರುವುದು 12 ಸೊನ್ನೆ ಮಾತ್ರ! ಜೀವನವೆಲ್ಲ ಸೊನ್ನೆ ಎಣಿಸಿದ ನನಗೆ ಅದು ಬಹಳ ಹಿಡಿಸಿತು. ಸಿದ್ಧವಿಲ್ಲ ಎಂದರೆ ಯಾಕೆ ಎಂದು ಮತ್ತೆ ಕೇಳಬೇಕು. ಆಗ ಡ್ರೈವು ಕಾರಣದ ಸಂಖ್ಯೆ ಕೊಡುತ್ತದೆ. ಡಿಸ್ಕ್ ಇಲ್ಲ, ತಟ್ಟೆ ಮುಚ್ಚಿದೆ ಎಂಬುದಕ್ಕೆ ಒಂದು, ಡಿಸ್ಕ್ ಇಲ್ಲ, ತಟ್ಟೆ ತೆರೆದಿದೆ ಎಂಬುದಕ್ಕೆ ಇನ್ನೊಂದು.

ಲಿನಕ್ಸ್ ಇವನ್ನೆಲ್ಲ ಸೋಸಿ ಐದು ಉತ್ತರ ಮಾಡಿಟ್ಟಿದೆ. 4 ಬಂದರೆ ಡಿಸ್ಕ್ ಇದೆ, ಸರಿ ಇದೆ. 3 ಬಂದರೆ ಇನ್ನೂ ಸಿದ್ಧವಾಗಿಲ್ಲ, ತಡೆಯಿರಿ. 2 ಅಂದರೆ ತಟ್ಟೆ ತೆರೆದಿದೆ. 1 ಅಂದರೆ ಡಿಸ್ಕ್ ಇಲ್ಲ. ಸೊನ್ನೆ ಅಂದರೆ "ನನಗೆ ಹೇಳಲು ಬರುವುದಿಲ್ಲ". ಕೆಲವು ಡ್ರೈವುಗಳಿಗೆ ಇಷ್ಟನ್ನು ಹೇಳುವ ವಿದ್ಯೆಯೇ ಇರುವುದಿಲ್ಲ, ಅವು ಸೊನ್ನೆ ಕೊಡುತ್ತವೆ. ಸೊನ್ನೆಯನ್ನು "ಖಾಲಿ" ಎಂದು ಓದಿಕೊಳ್ಳುವ ಪ್ರೋಗ್ರಾಂ ಬರೆದವನಿಗೆ ಒಂದು ವರ್ಷ ಬ್ಯಾಂಕಿನ ವಿಚಾರಣೆ ಕೌಂಟರಿನಲ್ಲಿ ಕೂರಿಸಬೇಕು. ಇನ್ನು ಕೇಬಲ್ಲೇ ಕಳಚಿದ್ದರೆ ಐದರಲ್ಲಿ ಯಾವುದೂ ಬಾರದು. ಆ ಹೆಸರಿನ ಡ್ರೈವೇ ಇಲ್ಲವೆಂದು ಪ್ರೋಗ್ರಾಂ ಬಾಗಿಲಲ್ಲೇ ನಿಲ್ಲುತ್ತದೆ.

ಪ್ರತಿ ಸೆಕೆಂಡಿಗೆ ಒಂದು ಅಂಕಿ ಪರದೆಯ ಮೇಲೆ ಇಳಿಯುವಂತೆ ಮಾಡಿದಳು. ತಟ್ಟೆ ತೆರೆದಾಗ 2, 2, 2. ಆಂಜಿಯೋಗ್ರಾಮಿನ ಸಿ.ಡಿ. ಇಟ್ಟು ಮುಚ್ಚಿದಳು. 3, 3, 3, 3, 3. ಮೂವರೂ ಉಸಿರು ಬಿಗಿ ಹಿಡಿದಿದ್ದೆವು. 1.

ತೆಗೆದು ಹತ್ತಿಯ ಬಟ್ಟೆಯಿಂದ ಒರೆಸಿದೆವು. ಇದಕ್ಕೊಂದು ಕ್ರಮವಿದೆ: ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ಒರೆಸಬಾರದು. ಸುತ್ತ ಬಿದ್ದ ಗೀರು ಸುರುಳಿಗೆರೆಯ ಉದ್ದಕ್ಕೂ ಬಿದ್ದು ಬಹಳಷ್ಟನ್ನು ನುಂಗುತ್ತದೆ. ಅಡ್ಡ ಬಿದ್ದ ಗೀರಿನ ನಷ್ಟವನ್ನು ಡ್ರೈವು ಲೆಕ್ಕ ಹಾಕಿ ತುಂಬಿಕೊಳ್ಳಬಲ್ಲದು. ಮತ್ತೆ ಇಟ್ಟೆವು. 3, 3, 3, 3, 1.

"ಡ್ರೈವ್ ಸರಿ ಅದನೋ ಇಲ್ಲೋ ನೋಡ್ತೀನಿ ತಡಿ," ಎಂದು ಅದೇ ಸಿನಿಮಾದ ಡಿಸ್ಕನ್ನು ಈ ಸಲ ಸರಿಯಾಗಿ ಇಟ್ಟಳು. 3, 3, 4. ಸಿನಿಮಾ ಶುರುವಾಯಿತು. ತಮ್ಮ ಕುಣಿದ. ಅವಳು ಮಾತ್ರ ಸಪ್ಪಗಾದಳು.

"ಡ್ರೈವ್ ಛಲೋ ಅದ ಮುತ್ಯಾ. ಡಿಸ್ಕೇ ಹೋಗ್ಯದ."

ಅಡುಗೆಮನೆಯಲ್ಲಿ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. "ಹೋದ್ರ ಹೋಗ್ಲಿ ಬಿಡ್ರಿ. ಮತ್ತ ಮಾಡ್ತಾರ. ಅದಕ್ಕೇನು," ಎಂದಳು ನನ್ನಾಕೆ, ಹೊರಗೆ ಬಾರದೆ. ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಡಿಸ್ಕ್ ಹೋಗಿರುವ ಸಾಧ್ಯತೆ ಇತ್ತು. ಅಂಗಡಿಯಲ್ಲಿ ಸಿಗುವ ಹಾಡಿನ ಸಿ.ಡಿ.ಗಳಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಆಸ್ಪತ್ರೆಯಲ್ಲೋ ಸ್ಟುಡಿಯೋದಲ್ಲೋ ಬರೆದುಕೊಡುವ ಸಿ.ಡಿ.ಯಲ್ಲಿ ಹಾಗಲ್ಲ. ಅದರಲ್ಲಿ ಒಂದು ಬಣ್ಣದ ಲೇಪವಿದ್ದು, ಲೇಸರು ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಸೆಕೆಗೆ ಆ ಬಣ್ಣ ಮಾಸುತ್ತದೆ. ನಮ್ಮ ಯಾದಗಿರಿಯ ಸೆಕೆ ನಿಮಗೆ ಗೊತ್ತಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಕಪಾಟಿನ ಕಬ್ಬಿಣದ ಬಾಗಿಲು ಮುಟ್ಟಿದರೆ ಚುರ್ ಎನ್ನುತ್ತದೆ. ಆ ಕಪಾಟಿನಲ್ಲಿ ಇಷ್ಟು ಬೇಸಿಗೆ ಕಳೆದ ಸಿ.ಡಿ. ಅದು.

ಆದರೂ ನನಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ಒಂದು ಹಳೆಯ ಗಾಯ ಇದೆ.

2002ರಲ್ಲಿ ನಾನು ಸುರಪುರದ ಕಡೆಯ ಒಂದು ಶಾಖೆಯಲ್ಲಿದ್ದೆ. ಶಹಾಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಲೆಡ್ಜರುಗಳು ಹೋಗಿ ಕಂಪ್ಯೂಟರ್ ಬಂದಿತ್ತು. ಈಗಿನಂತೆ ಎಲ್ಲ ಶಾಖೆಗಳನ್ನು ಬೆಸೆದ ಕೋರ್ ಬ್ಯಾಂಕಿಂಗ್ ನಮ್ಮಲ್ಲಿಗೆ ಇನ್ನೂ ಬಂದಿರಲಿಲ್ಲ. ದಿನದ ವಹಿವಾಟೆಲ್ಲ ಆ ಶಾಖೆಯ ಒಂದು ಯಂತ್ರದ ಹೊಟ್ಟೆಯಲ್ಲಿ. ಅದಕ್ಕೆ ಏನಾದರೂ ಆದರೆ ಗತಿಯೇನು ಎಂದು ಪ್ರತಿ ಸಂಜೆ ಡೇ ಎಂಡ್ ಆದ ಮೇಲೆ ಒಂದು ಸಿ.ಡಿ.ಗೆ ಪ್ರತಿ ತೆಗೆದು, ತಾರೀಖು ಬರೆದು, ರಿಜಿಸ್ಟರಿನಲ್ಲಿ ಸಹಿ ಮಾಡಿ ತಿಜೋರಿಯಲ್ಲಿ ಇಡುವುದು ನನ್ನ ಪಾಲಿನ ಕೆಲಸ. ಪರದೆಯ ಮೇಲೆ "ಬ್ಯಾಕಪ್ ಮುಗಿಯಿತು" ಎಂದು ಬಂದರೆ ನಾನು ಬಸ್ಸಿಗೆ ಓಡುತ್ತಿದ್ದೆ.

ಒಂದು ದಿನ ತಪಾಸಣೆಗೆ ಬಂದವರು ತಿಜೋರಿಯಿಂದ ಒಂದು ಸಿ.ಡಿ. ಎತ್ತಿ ಓದಿಸಿ ನೋಡಿದರು. ಖಾಲಿ. ಅದರ ಹಿಂದಿನದು ಖಾಲಿ. ಒಟ್ಟು ಒಂಬತ್ತು ಖಾಲಿ. ಡ್ರೈವಿನ ತಟ್ಟೆ ಧೂಳು ಸೇರಿ ಪೂರ್ತಿ ಕೂರುತ್ತಿರಲಿಲ್ಲ. ಬರೆಯುವ ಕೆಲಸ ನಡೆದೇ ಇರಲಿಲ್ಲ. ಪ್ರೋಗ್ರಾಂ ಮಾತ್ರ ಬರೆಯಲು ಆಜ್ಞೆ ಕೊಟ್ಟದ್ದನ್ನೇ ಬರೆದದ್ದೆಂದು ತಿಳಿದು "ಮುಗಿಯಿತು" ಎನ್ನುತ್ತಿತ್ತು. ಡ್ರೈವು ಏನು ಉತ್ತರ ಕೊಟ್ಟಿತು ಎಂದು ಅದು ಕೇಳುತ್ತಲೇ ಇರಲಿಲ್ಲ. ನಾನೂ ಕೇಳಲಿಲ್ಲ. ಒಂಬತ್ತು ಖಾಲಿ ಡಿಸ್ಕು, ಒಂಬತ್ತು ನನ್ನ ಸಹಿ. ಆ ದಿನಗಳಲ್ಲಿ ಹಾರ್ಡ್ ಡಿಸ್ಕ್ ಕೈಕೊಡಲಿಲ್ಲ ಎಂಬುದಷ್ಟೇ ನನ್ನ ಪುಣ್ಯ. ಕೊಟ್ಟಿದ್ದರೆ ಆ ಭಾಗದ ರೈತರು ತೊಗರಿ, ಹತ್ತಿ ಮಾರಿ ಕಟ್ಟಿದ ಹಣದ ಲೆಕ್ಕವನ್ನು ಚೀಟಿ ಚೀಟಿ ಹೆಕ್ಕಿ ಮತ್ತೆ ಕಟ್ಟಬೇಕಾಗುತ್ತಿತ್ತು. ಅವತ್ತಿನ ರಾತ್ರಿ ನಾನು ಊಟ ಮಾಡಲಿಲ್ಲ. ಆಮೇಲೆ ನಿವೃತ್ತಿಯಾಗುವವರೆಗೂ ಬರೆದ ಡಿಸ್ಕನ್ನು ಒಮ್ಮೆ ತೆರೆದು ನೋಡದೆ ಸಹಿ ಹಾಕಿದವನಲ್ಲ; ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಅದೇ ಹಳೆಯ ಹುಳು ಆ ಸಂಜೆ ತಲೆಯಲ್ಲಿ ಕೊರೆಯಿತು. ಎರಡೂ ಡಿಸ್ಕುಗಳನ್ನು ಅಕ್ಕಪಕ್ಕ ಹಿಡಿದು ದೀಪದ ಕೆಳಗೆ ನೋಡಿದೆ. ಒಂದೇ ಅಳತೆ, ಒಂದೇ ತೂತು. ಒಂದರ ಮೇಲೆ ಡಿ.ವಿ.ಡಿ. ಎಂದಿದೆ, ಇನ್ನೊಂದರ ಮೇಲೆ ಸಿ.ಡಿ. ಎಂದು.

"ಅವ್ವಾ, ಇವೆರಡೂ ಒಂದೇ ಜಾತಿ ಏನು?"

"ಇಲ್ಲ, ಆದ್ರ..." ಎಂದವಳು ಬಾಯಿ ಮುಚ್ಚಿದಳು. ಆಮೇಲೆ ತಲೆಗೆ ಕೈ ಹೊಡೆದುಕೊಂಡಳು. ಉಳಿತಾಯ ಖಾತೆಯ ತಾಳೆಯನ್ನು ಚಾಲ್ತಿ ಖಾತೆಯ ಲೆಡ್ಜರಿನಲ್ಲಿ ನೋಡಿದಂತೆ ಆಗಿತ್ತು ನಮ್ಮ ಪರೀಕ್ಷೆ.

ವಿಷಯ ಹೀಗೆ. ಸಿ.ಡಿ. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಅದನ್ನು ಓದಲು ಆರಿಸಿಕೊಂಡದ್ದು 780 ನ್ಯಾನೋಮೀಟರ್ ಅಲೆಯುದ್ದದ ಲೇಸರು. ಅದು ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕು. ಮುಂದೆ ಡಿ.ವಿ.ಡಿ. ಬಂದಾಗ ಗೆರೆಗಳನ್ನು ಇನ್ನೂ ಒತ್ತಾಗಿ ಬರೆದರು. ಸಿ.ಡಿ.ಯಲ್ಲಿ ಗೆರೆಯಿಂದ ಗೆರೆಗೆ 1.6 ಮೈಕ್ರಾನ್ ಅಂತರವಿದ್ದರೆ ಇದರಲ್ಲಿ 0.74. ಅದನ್ನು ಓದಲು 650 ನ್ಯಾನೋಮೀಟರಿನ ಕೆಂಪು ಲೇಸರು ಬೇಕಾಯಿತು. ಡಿಸ್ಕಿನೊಳಗೆ ಮಾಹಿತಿ ಇರುವ ಆಳವೂ ಬೇರೆ: ಸಿ.ಡಿ.ಯಲ್ಲಿ ಕೆಳಗಿನಿಂದ 1.2 ಮಿಲಿಮೀಟರ್ ದಾಟಿ ಮೇಲ್ಮೈಗೆ ಅಂಟಿಕೊಂಡಂತೆ, ಡಿ.ವಿ.ಡಿ.ಯಲ್ಲಿ ಅದರ ಅರ್ಧಕ್ಕೆ, ನಟ್ಟನಡುವೆ. ಎರಡನ್ನೂ ಓದುವ ಡ್ರೈವಿನೊಳಗೆ ಸಾಮಾನ್ಯವಾಗಿ ಎರಡು ಲೇಸರು ಇರುತ್ತವೆ. ಹೊರಗಿನಿಂದ ಒಂದೇ ಡ್ರೈವು, ಒಳಗೆ ಎರಡು ಕಣ್ಣು. ಒಂದು ಕಣ್ಣು ಮಂಜಾಗಿ ಇನ್ನೊಂದು ಚೆನ್ನಾಗಿಯೇ ಇರಬಹುದು.

"ಮುತ್ಯಾನ ಕಣ್ಣು ಹಾಂಗ," ಎಂದ ತಮ್ಮ. "ದೂರಿಂದು ಕಾಣ್ತದ, ಸಮೀಪದ್ದು ಕಾಣಂಗಿಲ್ಲ."

ಹುಡುಗನ ಮಾತು ಸರಿಯಾಗಿಯೇ ಇತ್ತು. ಕಪಾಟು ತಡಕಿ ಸಿ.ಡಿ. ಎಂದೇ ಬರೆದಿದ್ದ ಮೂರು ಡಿಸ್ಕು ತೆಗೆದೆ: ಒಂದು ಭಾವಗೀತೆಗಳದು, ಒಂದು ವಚನಗಳದು, ಮೂರನೆಯದು ಯಾವುದೋ ಇಂಗ್ಲಿಷ್ ಕಲಿಕೆಯದು. ಮೊದಲೆರಡು ಅಂಗಡಿಯಲ್ಲಿ ಕೊಂಡ ಅಚ್ಚಿನವು, ಗೀರಿಲ್ಲ. 3, 3, 3, 1. ಇನ್ನೊಂದು. 3, 3, 3, 1. ಮೂರನೆಯದೂ 1.

ಒಂದು ಡಿಸ್ಕ್ ಕಾಣದಿದ್ದರೆ ಡಿಸ್ಕಿನ ತಪ್ಪಿರಬಹುದು. ನಾಲ್ಕು ನಾಲ್ಕೂ ಕಾಣದಿದ್ದರೆ? ನಮ್ಮ ಡ್ರೈವಿನ ಸಿ.ಡಿ. ಕಣ್ಣು ಹೋಗಿತ್ತು. ಧೂಳಿಗೋ ವಯಸ್ಸಿಗೋ. ಆಂಜಿಯೋಗ್ರಾಮಿನ ಸಿ.ಡಿ. ಬದುಕಿದೆ ಎಂದು ಇದರಿಂದ ಹೇಳಲು ಬಾರದು, ಆದರೆ ಸತ್ತಿದೆ ಎಂದು ಹೇಳಲು ಈಗ ಯಾವ ಆಧಾರವೂ ಉಳಿದಿರಲಿಲ್ಲ.

ಗಂಟೆ ಎಂಟೂಕಾಲು. ಇಷ್ಟು ಹೊತ್ತಿನಲ್ಲಿ ಸಿ.ಡಿ. ಡ್ರೈವ್ ಯಾರ ಹತ್ತಿರ ಇದ್ದೀತು? ಮದುವೆ ವಿಡಿಯೋ ತೆಗೆಯುವವರ ಹತ್ತಿರ! ಮೊಮ್ಮಗಳ ಸ್ಕೂಟಿಯ ಹಿಂದೆ ಕುಳಿತು ಗಾಂಧಿ ಚೌಕದ ಕಡೆ ಓಡಿದೆವು. ಪರಿಚಯದ ಫೋಟೋ ಸ್ಟುಡಿಯೋದ ಹುಡುಗ ಅರ್ಧ ಶಟರ್ ಇಳಿಸಿದ್ದ.

"ಏನ್ ಬ್ಯಾಂಕ್ ಸಾಹೇಬ್ರ, ಇಷ್ಟೊತ್ತಿನ್ಯಾಗ ಪಾಸ್‌ಪೋರ್ಟ್ ಫೋಟೋನಾ?"

ಹೇಳಿದೆವು. ಶಟರ್ ಮತ್ತೆ ಮೇಲೆ ಹೋಯಿತು. ಅವನ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದದ್ದರಿಂದ ನಮ್ಮ ಪ್ರೋಗ್ರಾಂ ಅಲ್ಲಿ ನಡೆಯುವಂತಿರಲಿಲ್ಲ. ಆದರೆ ಈ ಸಲ ಮೊಮ್ಮಗಳು ಮೊದಲು ಹಾಕಿದ್ದು ಭಾವಗೀತೆಯ ಸಿ.ಡಿ. ಜಾಣೆ, ಅದನ್ನೂ ಚೀಲದಲ್ಲಿ ತಂದಿದ್ದಳು. ಅದರ ಹಾಡಿನ ಪಟ್ಟಿ ತೆರೆದುಕೊಂಡಿತು. ಈ ಡ್ರೈವಿನ ಸಿ.ಡಿ. ಕಣ್ಣು ಸರಿ ಇದೆ ಎಂದು ಖಾತ್ರಿಯಾದ ಮೇಲೆ ನಮ್ಮದನ್ನು ಇಟ್ಟಳು. ಡ್ರೈವು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆಯ ಮೇಲೆ ಕಡತಗಳ ಹೆಸರು ಒಂದೊಂದಾಗಿ ಬಂದವು. ಡೈಕಾಮ್ ಎಂಬ ಹೆಸರಿನ ಕೋಶ, ಜೊತೆಗೆ ಚಿತ್ರ ನೋಡುವ ಒಂದು ಪುಟ್ಟ ಪ್ರೋಗ್ರಾಂ. ವೈದ್ಯಕೀಯ ಚಿತ್ರಗಳನ್ನು ಜಗತ್ತಿನೆಲ್ಲೆಡೆ ಒಂದೇ ಬಗೆಯಲ್ಲಿ ಬರೆದಿಡಲಿ ಎಂದು ಮಾಡಿಕೊಂಡ ಪದ್ಧತಿಗೆ ಡೈಕಾಮ್ ಎನ್ನುತ್ತಾರೆ.

ಪ್ರತಿ ತೆಗೆಯುವಾಗ ಒಂದು ಕಡತದ ಹತ್ತಿರ ಎಲ್ಲ ನಿಂತಿತು. ಬಿಟ್ಟು ಮುಂದೆ ಹೋಗಲೇ ಎಂದು ಕಂಪ್ಯೂಟರು ಕೇಳಿತು. ಬೇಡವೆಂದಳು. ಓದುವ ವೇಗ ಇಳಿಸುವ ಒಂದು ಸಣ್ಣ ತಂತ್ರಾಂಶ ಸ್ಟುಡಿಯೋದವನ ಬಳಿಯೇ ಇತ್ತು. ಹಳೆಯ ಮದುವೆಗಳ ಡಿಸ್ಕು ಓದಲು ಬೇಕೇ ಬೇಕಂತೆ. ವೇಗ ಇಳಿಸಿದ ಮೇಲೆ ಡ್ರೈವಿನ ಸಿಳ್ಳು ತಗ್ಗಿ ಗೊಣಗಾಟವಾಯಿತು. ನಿಧಾನವಾಗಿ ಆ ಕಡತವೂ ದಾಟಿತು. ಅದು ಸಿಕ್ಕಿಬಿದ್ದದ್ದಕ್ಕೆ ಮೊಮ್ಮಗಳ ಅನುಮಾನ ಇರುವುದು ನನ್ನ ಬಾಲ್ ಪೆನ್ನಿನ ಮೇಲೆ. 2015ರಲ್ಲಿ ಹೆಸರು, ತಾರೀಖು, ಫೈಲ್ ನಂಬರ್ ಎಲ್ಲವನ್ನೂ ಸಿ.ಡಿ.ಯ ಮೇಲ್ಮೈ ಮೇಲೆ ಒತ್ತಿ ಒತ್ತಿ ಬರೆದಿದ್ದೆ. ಹೊಳೆಯುವ ಮುಖವನ್ನು ನಾವು ಜೋಪಾನ ಮಾಡುತ್ತೇವೆ, ಆದರೆ ಸಿ.ಡಿ.ಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಮುಖದ ಕೆಳಗೇ, ತೆಳ್ಳನೆಯ ಅರಗಿನಂಥ ಲೇಪದಡಿ. ಅಲ್ಲಿ ಗಟ್ಟಿ ಮೊನೆಯಿಂದ ಒತ್ತಿದರೆ ನೇರ ಏಟು.

ನಾನು ನನ್ನ ಕೆಲಸ ಮಾಡಿದೆ. ಸಿ.ಡಿ.ಯಲ್ಲಿ ಎಷ್ಟು ಕಡತ, ಪೆನ್ ಡ್ರೈವಿನಲ್ಲಿ ಎಷ್ಟು, ಒಟ್ಟು ಬೈಟು ಎಷ್ಟು, ಎರಡೂ ಕಡೆ ಬರೆದುಕೊಂಡು ತಾಳೆ ನೋಡಿದೆ. ಆಮೇಲೆ ಪೆನ್ ಡ್ರೈವಿನಿಂದಲೇ ಒಂದೊಂದನ್ನೂ ತೆರೆಸಿದೆ. ಬೂದು ಬಣ್ಣದ ಪರದೆಯ ಮೇಲೆ ಮರದ ಬೇರಿನಂತೆ ಕಪ್ಪು ನಾಳಗಳು ಮೂಡಿ, ಮಿಡಿದು, ಮರೆಯಾದವು. ಸ್ಟುಡಿಯೋದ ಹುಡುಗ ಕೈಕಟ್ಟಿ ನಿಂತು ನೋಡಿದ. "ಆಯಿಯ ಹೃದಯ ಏನ್ರಿ ಇದು?" ಎಂದ. ಹೌದೆಂದೆ. ಇಪ್ಪತ್ತು ರೂಪಾಯಿ ತೆಗೆದುಕೊಂಡ, ಮದುವೆ ಸಿ.ಡಿ.ಗೆ ತಾನು ಐವತ್ತು ತೆಗೆದುಕೊಳ್ಳುವುದಾಗಿ ಹೇಳಿ ಉಪಕಾರವನ್ನೂ ನೆನಪಿಸಿದ.

ಮರುದಿನ ಕಲಬುರಗಿಯಲ್ಲಿ ಡಾಕ್ಟರು ಆ ಚಿತ್ರಗಳನ್ನು ಹಿಂದೆ ಮುಂದೆ ಓಡಿಸಿ ಬಹಳ ಹೊತ್ತು ನೋಡಿದರು. ಸ್ಟೆಂಟ್ ಎಲ್ಲಿದೆ, ಅವತ್ತು ಉಳಿದ ನಾಳಗಳು ಹೇಗಿದ್ದವು ಎಂದು ಕಾಗದದ ಮೇಲೆ ಗುರುತು ಮಾಡಿಕೊಂಡರು. ಎಕೋ ಮಾಡಿಸಿದರು. ಸದ್ಯಕ್ಕೆ ಗುಳಿಗೆ ಬದಲಿಸಿ ಆರು ವಾರ ನೋಡೋಣ, ಆಂಜಿಯೋಗ್ರಾಮಿನ ಮಾತು ಆಮೇಲೆ ಎಂದರು. ಹೊರಗೆ ಬಂದ ಮೇಲೆ ನನ್ನಾಕೆ ಎರಡು ರೊಟ್ಟಿ ತಿಂದಳು. ಹಿಂದಿನ ರಾತ್ರಿ ತಿಂದಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಮನೆಯ ಡ್ರೈವಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: "ಡಿ.ವಿ.ಡಿ. ಕಾಣುತ್ತದೆ, ಸಿ.ಡಿ. ಕಾಣುವುದಿಲ್ಲ. ಇಲ್ಲ ಎಂದರೆ ನಂಬಬೇಡಿ." ಕಪಾಟಿನ ಉಳಿದ ಸಿ.ಡಿ.ಗಳನ್ನು ಒಂದು ಚೀಲಕ್ಕೆ ಹಾಕಿ ಸ್ಟುಡಿಯೋದವನಿಗೆ ಕೊಟ್ಟಿದ್ದೇನೆ, ಬಿಡುವಾದಾಗ ಪ್ರತಿ ತೆಗೆಯಲಿ ಎಂದು. ಎಣಿಸಿಯೇ ಕೊಟ್ಟಿದ್ದೇನೆ, ಮೂವತ್ತೊಂದು.

ಅವತ್ತು ಆಸ್ಪತ್ರೆಯ ಕೌಂಟರಿನಲ್ಲಿ ಎಕೋ ಪರೀಕ್ಷೆಯ ಚಿತ್ರಗಳೆಂದು ಒಂದು ಬಿಳಿ ಲಕೋಟೆ ಕೊಟ್ಟಿದ್ದರು. ರೈಲಿನಲ್ಲಿ ವಾಡಿ ದಾಟಿದ ಮೇಲೆ ತೆರೆದು ನೋಡಿದೆ. ಒಳಗೆ ಫಳಫಳ ಹೊಳೆಯುವ ಹೊಸ ಸಿ.ಡಿ. ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹೋಯಿತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೆಸರು, ತಾರೀಖು, ನಂಬರು ಎಲ್ಲವನ್ನೂ ಲಕೋಟೆಯ ಮೇಲೆ ಬರೆದೆ.